ಓದುಗರ ಪ್ರಶ್ನೆ: ಅಟ್ಟದಲ್ಲಿ ಸಿಕ್ಕ ಐರಿಷ್ ಕವಿ

ಪ್ರಶ್ನೆ: ನಮ್ಮ ಹಳೆಯ ಮನೆಯ ಮಾಡು ಬಿಚ್ಚಿಸುವಾಗ ಅಜ್ಜನ ಮರದ ಪೆಟ್ಟಿಗೆಯಲ್ಲಿ ಥಾಮಸ್ ಮೂರ್ ಎಂಬ ಐರಿಷ್ ಕವಿಯ ಸಚಿತ್ರ ಜೀವನಚರಿತ್ರೆ ದೊರೆಯಿತು. ಮೊದಲ ಹಾಳೆಗಳು ಹೋಗಿರುವುದರಿಂದ ಇಸವಿ ತಿಳಿಯದು. ಪುಸ್ತಕವು ಅವನನ್ನು ಪದೇ ಪದೇ ದೇಶಭಕ್ತನೆಂದು ಹೊಗಳುತ್ತದೆ. ಆದರೆ ಅವನು ಬರೆದದ್ದು ಆಳುವವರ ಇಂಗ್ಲಿಷಿನಲ್ಲಿ, ಸತ್ತದ್ದೂ ಇಂಗ್ಲೆಂಡಿನಲ್ಲಿ. ಇದೆಂಥ ದೇಶಭಕ್ತಿ? ಪುಸ್ತಕದ ಕಾಲವನ್ನು ತಿಳಿಯುವುದು ಹೇಗೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಅನುಮಾನ ಮೂರ್ ಬದುಕಿದ್ದಾಗಲೇ ಹುಟ್ಟಿದ್ದು. ಐರ್ಲೆಂಡಿನ ಕಾಡು ಹಾರ್ಪ್ ಎಂಬ ತಂತಿವಾದ್ಯವನ್ನು ಇವನು ಸಂಗೀತ ನುಡಿಸುವ ನಶ್ಯದ ಡಬ್ಬಿಯಾಗಿಸಿದ ಎಂದು ವಿಮರ್ಶಕ ವಿಲಿಯಂ ಹ್ಯಾಜ್ಲಿಟ್ 1825ರಲ್ಲೇ ಚುಚ್ಚಿದ್ದ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಲಂಡನ್ನಿನ ಶ್ರೀಮಂತರ ದಿವಾನಖಾನೆಗಳಲ್ಲಿ ಪಿಯಾನೋ ಮುಂದೆ ಕುಳಿತು ತನ್ನ ನಾಡಿನ ದುಃಖವನ್ನು ಹಾಡಿ ಕೇಳುವವರ ಕಣ್ಣು ಒದ್ದೆ ಮಾಡುತ್ತಿದ್ದ ಮೂರ್‌ಗೆ ಆ ಮನೆಗಳ ಊಟೋಪಚಾರವೂ ಪ್ರಿಯವಾಗಿತ್ತು.

ಆದರೂ ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಐರಿಷ್ ಕ್ರಾಂತಿಕಾರಿ ರಾಬರ್ಟ್ ಎಮ್ಮೆಟ್‌ನ ಹೆಸರು ಬರುವ ಪುಟಗಳನ್ನು ಹುಡುಕಿ ಓದಿ. ಡಬ್ಲಿನ್ನಿನ ದಿನಸಿ ಅಂಗಡಿಯವನ ಮಗನಾಗಿ 1779ರಲ್ಲಿ ಹುಟ್ಟಿದ ಮೂರ್, ಕ್ಯಾಥೊಲಿಕರಿಗೆ ಆಗಷ್ಟೇ ಬಾಗಿಲು ತೆರೆದಿದ್ದ ಟ್ರಿನಿಟಿ ಕಾಲೇಜಿನಲ್ಲಿ ಓದುವಾಗ ಎಮ್ಮೆಟ್ ಅವನ ಗೆಳೆಯನಾಗಿದ್ದ. ಒಂದು ದಿನ ಮೂರ್ ಹಳೆಯ ಐರಿಷ್ ಮಟ್ಟೊಂದನ್ನು ನುಡಿಸುತ್ತಿರಲು, ಪಕ್ಕದಲ್ಲಿ ಮೈಮರೆತು ಕುಳಿತಿದ್ದ ಎಮ್ಮೆಟ್ ಥಟ್ಟನೆ ಎದ್ದು, ಈ ಮಟ್ಟಿಗೆ ಹೆಜ್ಜೆ ಹಾಕುವ ಇಪ್ಪತ್ತು ಸಾವಿರ ಜನರ ಮುಂದೆ ತಾನಿರಬೇಕಿತ್ತು ಎಂದನಂತೆ; ಇದನ್ನು ಮೂರ್ ತಾನೇ ಬರೆದಿಟ್ಟಿದ್ದಾನೆ. 1803ರಲ್ಲಿ ದಂಗೆ ವಿಫಲವಾಗಿ ಎಮ್ಮೆಟ್ ಗಲ್ಲಿಗೇರಿದ. ತನ್ನ ದೇಶ ಸ್ವತಂತ್ರ ರಾಷ್ಟ್ರಗಳ ಸಾಲಿಗೆ ಸೇರುವವರೆಗೆ ತನ್ನ ಗೋರಿಯ ಮೇಲೆ ಏನನ್ನೂ ಬರೆಯಬೇಡಿ ಎಂದು ಅವನು ನ್ಯಾಯಾಲಯದಲ್ಲಿ ಕೇಳಿಕೊಂಡಿದ್ದ. 1808ರಲ್ಲಿ ಹೊರಬಂದ ‘ಐರಿಷ್ ಮೆಲೊಡೀಸ್’ ಎಂಬ ಹಾಡುಗಳ ಸಂಗ್ರಹದ ಮೊದಲ ಭಾಗದಲ್ಲಿ ಮೂರ್ ಅವನಿಗಾಗಿ ಬರೆದ ಹಾಡು, ಅವನ ಹೆಸರನ್ನು ಉಸುರಬೇಡಿ ಎಂದೇ ಆರಂಭವಾಗುತ್ತದೆ. ಹಾಡಿನಲ್ಲೆಲ್ಲೂ ಎಮ್ಮೆಟ್ ಎಂಬ ಹೆಸರಿಲ್ಲ. ಗಲ್ಲಿಗೇರಿಸಿದವರ ಮನೆಯಂಗಳದಲ್ಲೇ ಆ ಹಾಡು ಹಾಡಿದವನನ್ನು ಹೊಗಳುಭಟ್ಟನೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಇನ್ನು ಭಾಷೆಯ ಮಾತು. ಮನೆಮಾತು ಕೊಂಕಣಿಯಾಗಿದ್ದ ಮಂಜೇಶ್ವರದ ಗೋವಿಂದ ಪೈ, ತುಳುವಾಗಿದ್ದ ನಿಮ್ಮದೇ ಕಡೆಯ ಕಯ್ಯಾರ ಕಿಞ್ಞಣ್ಣ ರೈ ಇಬ್ಬರೂ ಕನ್ನಡದಲ್ಲಿ ನಾಡನ್ನು ಹಾಡಿದರು. ಅದನ್ನು ಕಂಡ ಕಾಸರಗೋಡಿನವರಿಗೆ ಮನೆಮಾತೊಂದು, ಹಾಡಿನ ಮಾತೊಂದು ಎನ್ನುವುದು ವಿಚಿತ್ರವಾಗಿ ತೋರಬಾರದು. ಕನ್ನಡವು ಇಲ್ಲಿ ಆಳುವವರು ಹೇರಿದ ಭಾಷೆಯಲ್ಲವಾದ್ದರಿಂದ ಈ ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೆ ಮೂರ್‌ನಲ್ಲಿ ಮಟ್ಟು ಮೊದಲು, ಮಾತು ಆಮೇಲೆ. ಎಡ್ವರ್ಡ್ ಬಂಟಿಂಗ್ ಹಾರ್ಪ್ ವಾದಕರಿಂದ ಕೇಳಿ ಬರೆದುಕೊಂಡು 1796ರಲ್ಲಿ ಅಚ್ಚು ಹಾಕಿಸಿದ ಮಟ್ಟುಗಳಲ್ಲಿ ಹಲವಕ್ಕೆ ಅವನು ಪದ ಕೂರಿಸಿದ. ಪದಗಳು ಇಂಗ್ಲಿಷಾದರೂ ನಡೆ ಐರ್ಲೆಂಡಿನದು.

ಪುಸ್ತಕದಲ್ಲಿ ಔರಂಗಜೇಬನ ಮಗಳು ಕಾಶ್ಮೀರಕ್ಕೆ ಪಯಣಿಸುವ ಚಿತ್ರವೇನಾದರೂ ಇದ್ದರೆ, ಮೂರ್ ಭಾರತಕ್ಕೆ ಬಂದಿದ್ದನೆಂದು ಎಣಿಸಬೇಡಿ. ಅದು 1817ರ ‘ಲಲ್ಲಾ ರೂಖ್’ ಕಾವ್ಯದ ಕಥೆ. ಈ ದೇಶವನ್ನು ಕಾಣದೆಯೇ ಬರೆದ ಆ ಕಾವ್ಯಕ್ಕೆ ಪ್ರಕಾಶಕರು ಮೂರು ಸಾವಿರ ಗಿನಿ (ಇಂಗ್ಲೆಂಡಿನ ಹಳೆಯ ನಾಣ್ಯ) ಕೊಟ್ಟಿದ್ದರು.

ಕಾಲದ ವಿಚಾರ: ಮೂರ್ ತೀರಿಕೊಂಡದ್ದು 1852ರ ಫೆಬ್ರವರಿಯಲ್ಲಿ. ಅವನ ದಿನಚರಿಯನ್ನು ಗೆಳೆಯ ಲಾರ್ಡ್ ಜಾನ್ ರಸೆಲ್ ಅಚ್ಚಿಗೆ ಕೊಟ್ಟದ್ದು 1853ರಿಂದ 1856ರ ನಡುವೆ. ನಿಮ್ಮ ಪುಸ್ತಕವು ದಿನಚರಿಯ ಸಾಲುಗಳನ್ನು ಎತ್ತಿಕೊಂಡಿದ್ದರೆ ಅದು ಆ ಬಳಿಕದ್ದು. ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡಿ. ಕೂದಲೆಳೆಯಂಥ ಗೆರೆಗಳಿದ್ದು, ಚಿತ್ರದ ಸುತ್ತ ಲೋಹದ ಫಲಕ ಒತ್ತಿದ ತಗ್ಗು ಬೆರಳಿಗೆ ಸಿಕ್ಕಿದರೆ ಅದು ಕೆತ್ತಿದ ಫಲಕದಿಂದ ಅಚ್ಚಾದದ್ದು. ಜಾಲರಿಯಂತೆ ಒಂದೇ ಅಂತರದಲ್ಲಿ ಸಾಲಾಗಿ ಒತ್ತೊತ್ತಾದ ಚುಕ್ಕೆಗಳು ಕಂಡರೆ ಹತ್ತೊಂಬತ್ತನೆಯ ಶತಮಾನದ ಕೊನೆಯದು ಅಥವಾ ಇನ್ನೂ ಈಚಿನದು. ಮಳೆಗಾಲದ ತೇವ ಹಿಡಿದಿದ್ದರೆ ಅಡಕೆಯಂತೆ ಅಂಗಳದ ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಗಾಳಿಗಿಡಿ. ಹರಿದ ಹಾಳೆಗೆ ಪಾರದರ್ಶಕ ಟೇಪು ಅಂಟಿಸಲೇಬೇಡಿ; ಕೆಲವೇ ವರ್ಷಗಳಲ್ಲಿ ಅದು ಹಳದಿಯಾಗಿ ಹಾಳೆಯನ್ನೂ ಕೆಡಿಸುತ್ತದೆ.