ಬಡತನ ಬಂತು, ನಗು ಬರಲಿಲ್ಲ

ಗಂಗಾವತಿಯ ನಿವೃತ್ತ ಮಾಸ್ತರರೊಬ್ಬರ ಪತ್ರ: “ಫ್ರಾಂಕ್ ಮೆಕೋರ್ಟ್ ತಮ್ಮ ಬಡತನದ ಬಾಲ್ಯದ ಬಗ್ಗೆ ಬರೆದ ಆತ್ಮಕಥೆ ‘ಏಂಜೆಲಾಸ್ ಆಶಸ್’ ನನಗೆ ಬಾಯಿಪಾಠ. ಮಗ ಮೊನ್ನೆ ಮೊಬೈಲಿನಲ್ಲಿ ಅದರ ಸಿನಿಮಾ ಹಾಕಿಕೊಟ್ಟ. ಅರ್ಧಕ್ಕೇ ನಿಲ್ಲಿಸಿದೆ. ಘಟನೆಗಳು ಇವೆ, ಆದರೆ ನಾನು ಓದಿದ ಪುಸ್ತಕ ಅಲ್ಲಿಲ್ಲ. ತಪ್ಪು ನನ್ನದೋ, ಸಿನಿಮಾದ್ದೋ?”

ಸಂಪಾದಕರ ಉತ್ತರ:

ಮಾಸ್ತರೇ, ಅರ್ಧಕ್ಕೆ ನಿಲ್ಲಿಸಿದ್ದಷ್ಟೇ ನಿಮ್ಮ ತಪ್ಪು. ಪೂರ್ತಿ ನೋಡಿ ಬೈಯಬೇಕಿತ್ತು. ಅರ್ಧ ಪಾಠ ಓದಿ ದೂರು ತಂದ ಹುಡುಗನನ್ನು ನೀವು ಸುಮ್ನೆ ಬಿಡ್ತಿದ್ರಾ?

ಅಲನ್ ಪಾರ್ಕರ್ 1999ರಲ್ಲಿ ಮಾಡಿದ ಚಿತ್ರ ಅದು. ತಾಯಿಯಾಗಿ ಎಮಿಲಿ ವಾಟ್ಸನ್ ಚೆನ್ನಾಗಿ ಮಾಡಿದ್ದಾರೆ. ಕಥೆ ನಡೆಯುವ ಐರ್ಲೆಂಡಿನ ಲಿಮರಿಕ್ ಊರಿನ ಮಳೆಗೆ ನೋಡುವವರ ಮೈಯೂ ಒದ್ದೆಯಾಗುತ್ತದೆ. ಸಂಗೀತಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತ್ತು. ಒಪ್ಪೋಣ.

ಆದರೆ ಮೆಕೋರ್ಟ್ ಮಾಡಿದ್ದೇನು ನೋಡಿ. ನ್ಯೂಯಾರ್ಕಿನಲ್ಲಿ ವರ್ಷಗಟ್ಟಲೆ ನಿಮ್ಮ ಹಾಗೇ ಪಾಠ ಹೇಳಿದವರು. 1996ರಲ್ಲಿ ಪುಸ್ತಕ ಬಂದಾಗ ಅವರಿಗೆ 66. ಆದರೂ ಪುಸ್ತಕದಲ್ಲಿ ಮಾತಾಡುವವನು ಪುಟ್ಟ ಹುಡುಗ. ಮಳೆ ಹಿಡಿದು ಕೆಳಮನೆಗೆ ನೀರು ನುಗ್ಗುತ್ತದೆ. ಸಂಸಾರವೆಲ್ಲ ಮೇಲಿನ ಕೋಣೆ ಸೇರುತ್ತದೆ. ಅಲ್ಲಿ ಬೆಚ್ಚಗಿದೆಯಲ್ಲ, ಅದಕ್ಕೆ ಇಟಲಿ ಅಂತ ಹೆಸರಿಡುತ್ತಾರೆ! ಹುಡುಗ ಅದನ್ನು ಪಕ್ಕದ ಓಣಿಯ ಸುದ್ದಿಯಂತೆ ಹೇಳಿ ಮುಂದೆ ಹೋಗುತ್ತಾನೆ. ನಾವು ನಗುತ್ತೇವೆ, ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಗುತ್ತದೆ. ಸಿನಿಮಾದಲ್ಲಿ ಫ್ರಾಂಕ್ ಪಾತ್ರಕ್ಕೆ ಮೂವರು ಹುಡುಗರಿದ್ದಾರೆ. ಕಥೆ ಹೇಳುವ ದನಿ ಮಾತ್ರ ದೊಡ್ಡವನದು. ದೊಡ್ಡವನಿಗೆ ಮುಂದೇನಾಯ್ತು ಅಂತ ಗೊತ್ತು. ಗೊತ್ತಿದ್ದವನು ಹೇಳಿದರೆ ಅದು ಬರೀ ಗೋಳು.

ಹರಪನಹಳ್ಳಿಯ ಬೀಚಿಯವರ ‘ನನ್ನ ಭಯಾಗ್ರಫಿ’ ನಿಮ್ಮ ಕಪಾಟಿನಲ್ಲಿ ಇದ್ದೇ ಇರುತ್ತದೆ. ನಾಳೆ ಯಾರಾದರೂ ಅದನ್ನು ಸಿನಿಮಾ ಮಾಡಿದರೆ ಕಷ್ಟದ ಪುಟಗಳನ್ನಷ್ಟೇ ಹೆಕ್ಕಿ, ಹಿಂದೆ ಪಿಟೀಲು ಕೊಯ್ಯುತ್ತಾರೆ. ಬರೆದುಕೊಡಲೇ?

ಕ್ಯಾಮೆರಾ ಹೊತ್ತು ನಮ್ಮ ಕಡೆ ಬರುವವರಿಗೂ ಇದೇ ರೋಗ. ಬಳ್ಳಾರಿ ಅಂದ್ರೆ ಗಣಿ ಧೂಳು, ರಾಯಚೂರು ಅಂದ್ರೆ ಬಿಸಿಲು, ಕೊಪ್ಪಳ ಅಂದ್ರೆ ಗುಳೆ. ಇವೆಲ್ಲ ಸುಳ್ಳಲ್ಲ. ಆದರೆ ಇಲ್ಲಿಯ ಜನಕ್ಕೆ ಬಾಯಿಯೂ ಇದೆ. ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿಯನ್ನು ಕಂಡಿದ್ದೆ. ಜೋಳದ ಚೀಲ, ಸುತ್ತಿದ ಕೌದಿ, ಮಸಿ ಹಿಡಿದ ಪಾತ್ರೆ ಸಮೇತ ಬೆಂಗಳೂರಿಗೆ ಗುಳೆ ಹೊರಟಿದ್ದಳು. “ಏನಬೇ, ಮನೀನ ಹೊತ್ಕೊಂಡು ಬಂದೀಯೇನು?” ಅಂತ ಕಂಡಕ್ಟರ್ ರೇಗಿದ. “ಹೂಂ ತಮ್ಮಾ, ಬೆಂಗಳೂರಾಗ ಹತ್ತಂತಸ್ತಿನ ಮನಿ ಕಟ್ಟತೀವಿ, ಒಳಗ ಕರಿಯಂಗಿಲ್ಲ. ಅದಕ್ಕ ನಮ್ದು ನಾವ ತಂದೀವಿ” ಅಂದಳು. ಇಡೀ ಬಸ್ಸು ನಕ್ಕಿತು, ಕಂಡಕ್ಟರೂ ನಕ್ಕ.

ಈಕೆಯನ್ನು ಸಿನಿಮಾಕ್ಕೆ ಹಾಕಿಕೊಂಡರೆ ಮೊದಲು ಬಾಯಿ ಮುಚ್ಚಿಸುತ್ತಾರೆ. ಕಣ್ಣಿಗೆ ಗ್ಲಿಸರಿನ್ ಬಿಟ್ಟು, ಮುಖದ ನೆರಿಗೆಯನ್ನು ಹತ್ತಿರದಿಂದ ತೋರಿಸುತ್ತಾರೆ. ಮೇಲೆ ಪ್ರಶಸ್ತಿ ಬೇರೆ.

– ಸಂ.