ಧಾರವಾಡ ಕೇಳಿಸುತ್ತಿಲ್ಲ, ಬರೀ ಗರಗರ

ಪ್ರಶ್ನೆ: ರಾತ್ರಿ ಧಾರವಾಡ ಆಕಾಶವಾಣಿ, 765 ಕಿಲೋಹರ್ಟ್ಸ್, ಹಚ್ಚಿದರೆ ಬರೀ ಗರಗರ ಸದ್ದು. ರೇಡಿಯೋ ಕೆಟ್ಟಿದೆಯೇ?
– ಓದುಗರೊಬ್ಬರು, ವಾಸ್ಕೋ

ಉತ್ತರ: ಸುಮ್ನೆ ರೇಡಿಯೋ ಬಿಚ್ಚಬೇಡಿ. ಸೆಲ್ ಹಾಕಿ ಹಚ್ಚಿ, ಮನೆಯ ಮೇನ್ ಸ್ವಿಚ್ ಆರಿಸಿ. ಸದ್ದು ನಿಂತಿತಾ? ಹಾಗಾದರೆ ಮೂಲ ಮನೆಯೊಳಗೇ ಇದೆ. ಪಣಜಿಯ ನನ್ನ ರಿಪೇರಿ ಅಂಗಡಿಗೆ ಬರುವ ಇಂಥ ದೂರುಗಳಲ್ಲಿ ಅಗ್ಗದ ಎಲ್‌ಇಡಿ ಬಲ್ಬಿನದೇ ಜಾಸ್ತಿ. ಅದರ ಡ್ರೈವರ್, ಅಂದರೆ ಒಳಗೆ ಎಲ್‌ಇಡಿಗೆ ಕರೆಂಟ್ ಕೊಡುವ ಸರ್ಕ್ಯೂಟ್, ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿದು ಜೋಡಿಸುತ್ತದೆ. ಆ ಗದ್ದಲ ಧಾರವಾಡ ಬರುವ ಮೀಡಿಯಂ ವೇವ್ ಬ್ಯಾಂಡಿನ ತನಕ ಹಬ್ಬುತ್ತದೆ. ಮನೆಯ ವೈರಿಂಗೇ ಏರಿಯಲ್ ಆಗಿಬಿಡುತ್ತದೆ. ತಡೆಯಲು ಸಣ್ಣ ಫಿಲ್ಟರ್ ಸಾಕು; ಬಲ್ಬ್ ಮಾಡುವವರು ಅದರಲ್ಲೂ ದುಡ್ಡು ಉಳಿಸುತ್ತಾರಲ್ಲ, ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಒಂದೊಂದೇ ಬಲ್ಬ್ ಆರಿಸಿ ಹುಡುಕಿ. ಚಾರ್ಜರನ್ನೂ ಮರೆಯಬೇಡಿ. ಅಲ್ಲಿಯತನಕ ರೇಡಿಯೋವನ್ನು ಮೆಲ್ಲಗೆ ತಿರುಗಿಸಿ ನೋಡಿ. ಒಳಗೆ ಏರಿಯಲ್ ಆಗಿರುವ ಫೆರೈಟ್ ಕಡ್ಡಿಯ ತುದಿ ಗದ್ದಲದ ಕಡೆ ಬಂದಾಗ ಸದ್ದು ತಗ್ಗುತ್ತದೆ.