ಅಸಿಂಕ್ ಸಾಕೆಟ್ ಸರ್ವರ್ (ಒಂದೊಂದಕ್ಕೂ ಕಾಯ್ತಾ ನಿಲ್ಲದೇ ತುಂಬಾ ಕನೆಕ್ಷನ್ ಒಟ್ಟಿಗೆ ನೋಡ್ಕೊಳ್ಳೋ ಪ್ರೋಗ್ರಾಂ) ಯಾವಾಗ್ಲೋ ಒಂದ್ಸಲ ಕ್ರ್ಯಾಶ್ ಆಗತ್ತೆ, ಪ್ರತಿ ಸಲ ಬೇರೆ ಜಾಗದಲ್ಲಿ. ಎಲ್ಲಿಂದ ಹುಡುಕೋದು?

ನೀವು ಬರ್ದಿರೋದು ಇಷ್ಟು: ಸಿ ಪ್ಲಸ್ ಪ್ಲಸ್, ಬೂಸ್ಟ್ ಏಸಿಯೋ (ನೆಟ್‌ವರ್ಕ್ ಕೆಲಸದ ಲೈಬ್ರರಿ), ಮದ್ದೂರು ಕಡೆ ಪಂಪ್‌ಸೆಟ್ ಸ್ಟಾರ್ಟರ್‌ಗೆ ಹಾಕಿರೋ, ದೂರದಿಂದ ಮೋಟರ್ ಆನ್ ಮಾಡೋ ಸಿಮ್ ಬಾಕ್ಸ್‌ಗಳು ನಿಮ್ಮ ಸರ್ವರ್‌ಗೆ ಕನೆಕ್ಟ್ ಆಗ್ತವೆ, ಲ್ಯಾಪ್‌ಟಾಪಲ್ಲಿ ಏನೂ ಆಗಲ್ಲ, ಲೈವಲ್ಲಿ ಮಾತ್ರ ಎರಡು ಮೂರು ದಿನಕ್ಕೊಂದ್ಸಲ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಕ್ರ್ಯಾಶ್), ಸ್ಟ್ಯಾಕ್ ಟ್ರೇಸ್ (ಸತ್ತಾಗ ಯಾವ ಫಂಕ್ಷನ್ ಓಡ್ತಿತ್ತು ಅನ್ನೋ ಪಟ್ಟಿ) ಒಂದ್ಸಲ ಮೆಮೊರಿ ಕೊಡೋ ಮ್ಯಾಲಾಕ್ ಒಳಗೆ, ಇನ್ನೊಂದ್ಸಲ ಯಾವ್ದೋ ಸ್ಟ್ರಿಂಗ್ ಡಿಸ್ಟ್ರಕ್ಟರಲ್ಲಿ. ಜೊತೆಗೆ ಕೋಡೂ ಹಾಕಿದೀರ. ಲೈಬ್ರರಿ ಬಗ್ ಇರಬಹುದಾ ಅಂತ ಕೇಳಿದೀರ. ಅಲ್ಲ ಕಣ್ರೀ, ನಿಮ್ಮ ಟೈಮೌಟ್ ಫಂಕ್ಷನ್ನೇ.

ಮ್ಯಾಲಾಕ್ ಒಳಗೆ ಸಾಯ್ತಿದೆ ಅಂದ್ರೆ ಹೀಪ್ (ಮ್ಯಾಲಾಕ್ ಹಂಚೋ ಮೆಮೊರಿ) ಮೊದ್ಲೇ ಕೆಟ್ಟಿದೆ ಅಂತ, ಕೆಡಿಸಿದೋನು ಅಷ್ಟೊತ್ತಿಗೆ ಎದ್ದು ಹೋಗಿರ್ತಾನೆ. ಅದಕ್ಕೇ ಟ್ರೇಸ್ ನೋಡ್ಕೊಂಡು ಕೂತ್ರೆ ಸಿಗಲ್ಲ. ನೀವು ಟೈಮೌಟಲ್ಲಿ ಸಾಕೆಟ್ ಕ್ಲೋಸ್ ಮಾಡಿ ಮುಂದಿನ ಲೈನಲ್ಲೇ ಡಿಲೀಟ್ ದಿಸ್ (ಆ ಸೆಷನ್ ಆಬ್ಜೆಕ್ಟನ್ನೇ ಅಳಿಸೋದು) ಅಂತ ಹಾಕಿದೀರಲ್ಲ, ಕ್ಲೋಸ್ ಮಾಡಿದ ತಕ್ಷಣ ಪೆಂಡಿಂಗ್ ರೀಡ್ ಮಾಯ ಆಗಲ್ಲ, ಅದರ ಹ್ಯಾಂಡ್ಲರ್ (ಕೆಲಸ ಮುಗಿದ್ಮೇಲೆ ಏಸಿಯೋ ಕರೆಯೋ ಫಂಕ್ಷನ್) ಆಪರೇಶನ್ ಅಬಾರ್ಟೆಡ್ ಅನ್ನೋ ಎರರ್ ಹಿಡ್ಕೊಂಡು ಆಮೇಲೆ ಬಂದೇ ಬರತ್ತೆ, ಬಂದಾಗ ಆಬ್ಜೆಕ್ಟೇ ಇಲ್ಲ. ಟೈಮರ್ ಕತೆ ಇನ್ನೂ ಕಷ್ಟ. ಟೈಮ್ ಮುಗಿದು ಹ್ಯಾಂಡ್ಲರ್ ಆಗ್ಲೇ ಕ್ಯೂಗೆ ಬಿದ್ದಿದ್ರೆ ಕ್ಯಾನ್ಸಲ್ ಮಾಡಿದ್ರೂ ಎರರ್ ಇಲ್ದೇನೇ ಬರತ್ತೆ, ಸೋ ಎರರ್ ಕೋಡ್ ಒಂದನ್ನೇ ನಂಬ್ಕೊಂಡು ಕೂರಂಗಿಲ್ಲ, ಎಕ್ಸ್‌ಪೈರಿ ಟೈಮ್ ನಿಜವಾಗ್ಲೂ ದಾಟಿದ್ಯಾ ಅಂತ ಹ್ಯಾಂಡ್ಲರ್ ಒಳಗೇ ಇನ್ನೊಂದ್ಸಲ ನೋಡ್ಬೇಕು.

ಲ್ಯಾಪ್‌ಟಾಪಲ್ಲಿ ಯಾಕೆ ಬರಲ್ಲ ಅಂದ್ರೆ, ನೀವು ಟೆಸ್ಟ್ ಕ್ಲೈಂಟನ್ನ ಕಂಟ್ರೋಲ್ ಸಿ ಒತ್ತಿ ನಿಲ್ಲಿಸ್ತೀರ, ಆಗ ಕರ್ನಲ್ ಮರ್ಯಾದೆಯಿಂದ ಕನೆಕ್ಷನ್ ಮುಗೀತು ಅನ್ನೋ ಫಿನ್ ಪ್ಯಾಕೆಟ್ ಕಳ್ಸತ್ತೆ, ನಿಮ್ಮ ರೀಡ್ ಎಂಡ್ ಆಫ್ ಫೈಲ್ ಅಂತ ನೀಟಾಗಿ ಮುಗಿಯತ್ತೆ, ಟೈಮೌಟ್ ದಾರಿ ಓಡೋದೇ ಇಲ್ಲ. ಗದ್ದೆಲಿ ಹಂಗಲ್ಲ. ತ್ರೀ ಫೇಸ್ ಹೋಯ್ತು ಅಂದ್ರೆ ಆ ಲೈನಿನ ಬಾಕ್ಸ್‌ಗಳೆಲ್ಲ ಒಟ್ಟಿಗೆ ಆಫ್, ಫಿನ್ನೂ ಇಲ್ಲ ಏನೂ ಇಲ್ಲ, ಸರ್ವರ್ ಕಡೆ ಕನೆಕ್ಷನ್ ಸುಮ್ನೆ ನೇತಾಡ್ತಾ ಇರತ್ತೆ. ಕರೆಂಟ್ ಬಂದಾಗ ಎಲ್ಲಾ ಒಟ್ಟಿಗೆ ಹೊಸದಾಗಿ ಕನೆಕ್ಟ್, ಅದೇ ಹೊತ್ತಿಗೆ ಹಳೇ ಸೆಷನ್‌ಗಳು ಟೈಮೌಟ್ ಆಗ್ತಿರ್ತವೆ, ಫ್ರೀ ಆದ ಮೆಮೊರಿನ ಹೊಸ ಸೆಷನ್ ತಗೊಂಡಿರತ್ತೆ, ಹಳೇ ಹ್ಯಾಂಡ್ಲರ್ ಬಂದು ಅದ್ರ ಮೇಲೆ ಬರೀತದೆ. ಬೇರೆಯವ್ರು ಆ ಮೆಮೊರಿ ತಗೊಳ್ದೇ ಇದ್ರೆ ಹಳೇ ಡೇಟಾ ಬಹುಪಾಲು ಹಂಗೇ ಇರತ್ತೆ, ಏನೂ ಆಗ್ದಿದ್ದಂಗೆ ಮುಂದೆ ಓಡತ್ತೆ. ಕ್ರ್ಯಾಶ್ ಟೈಮನ್ನ ಕರೆಂಟ್ ಬಂದ ಟೈಮ್ ಜೊತೆ ಇಟ್ಟು ನೋಡಿ. (ಆ ಕಡೆಯವ್ರು ಇನ್ನೂ ಇದಾರಾ ಅಂತ ಕೇಳೋ ಟಿಸಿಪಿ ಕೀಪ್‌ಅಲೈವ್ ಸಾಕಲ್ವಾ ಅಂತ ಕೇಳ್ಬೇಡಿ, ಆನ್ ಮಾಡಿದ್ರೂ ಲಿನಕ್ಸಲ್ಲಿ ಡೀಫಾಲ್ಟ್ 7200 ಸೆಕೆಂಡ್ ಸುಮ್ನಿದ್ದು ಆಮೇಲೆ ಕೇಳತ್ತೆ. ನಿಮ್ಮದೇ ಟೈಮೌಟ್ ಇಟ್ಟಿರೋದು ಸರಿನೇ.)

ಲ್ಯಾಪ್‌ಟಾಪಲ್ಲೇ ತರಿಸ್ಬೇಕು ಅಂದ್ರೆ ಕ್ಲೈಂಟನ್ನ ಸಾಯಿಸ್ಬೇಡಿ, ಕಿಲ್ ಕಮಾಂಡಲ್ಲಿ ಸ್ಟಾಪ್ ಸಿಗ್ನಲ್ ಕೊಟ್ಟು ಫ್ರೀಜ್ ಮಾಡಿ. ಟೈಮೌಟನ್ನ ಒಂದು ಸೆಕೆಂಡಿಗೆ ಇಳಿಸಿ, ಒಂದಷ್ಟು ನೂರು ಕ್ಲೈಂಟ್ ಬಿಡಿ, ಅರ್ಧ ಫ್ರೀಜ್ ಮಾಡಿ, ಮಿಕ್ಕಿದ್ದು ಕನೆಕ್ಟ್ ಡಿಸ್‌ಕನೆಕ್ಟ್ ಮಾಡ್ತಾ ಇರ್ಲಿ. ಸರ್ವರನ್ನ ಅಡ್ರೆಸ್ ಸ್ಯಾನಿಟೈಜರ್ (ಮೆಮೊರಿ ತಪ್ಪು ಹಿಡಿಯೋ ಟೂಲ್) ಹಾಕಿ ಬಿಲ್ಡ್ ಮಾಡಿ, ಸುಮಾರು 2 ಪಟ್ಟು ಸ್ಲೋ ಆಗತ್ತೆ ಅಷ್ಟೇ, ಆದ್ರೆ ಎಲ್ಲಿ ಅಲೊಕೇಟ್ ಆಯ್ತು, ಎಲ್ಲಿ ಫ್ರೀ ಆಯ್ತು, ಆಮೇಲೆ ಯಾರು ಮುಟ್ಟಿದ್ರು ಮೂರೂ ಹೇಳತ್ತೆ. ಥ್ರೆಡ್‌ಗಳ ನಡುವಿನ ತಪ್ಪು ಹಿಡಿಯೋ ಥ್ರೆಡ್ ಸ್ಯಾನಿಟೈಜರ್‌ಗೆ ಬೇರೆ ಬಿಲ್ಡ್ ಬೇಕು, ಎರಡೂ ಒಂದ್ರಲ್ಲಿ ನಡೆಯಲ್ಲ.

ಫಿಕ್ಸ್ ಏನು ದೊಡ್ಡದಲ್ಲ. ಸೆಷನ್ ಕ್ಲಾಸನ್ನ ಎನೇಬಲ್ ಶೇರ್ಡ್ ಫ್ರಮ್ ದಿಸ್ ಮಾಡಿ, ಹ್ಯಾಂಡ್ಲರ್ ಆಗಿ ಕೊಡೋ ಪ್ರತಿ ಲ್ಯಾಂಬ್ಡಾದಲ್ಲೂ ಶೇರ್ಡ್ ಫ್ರಮ್ ದಿಸ್ ಕರೆದು ಸಿಗೋ ಪಾಯಿಂಟರನ್ನ ಸೆಲ್ಫ್ ಅಂತ ಹಿಡ್ಕೊಳ್ಳಿ (ಹ್ಯಾಂಡ್ಲರ್ ಬರೋ ತನಕ ಆಬ್ಜೆಕ್ಟ್ ಬದುಕಿರತ್ತೆ), ಡಿಲೀಟ್ ದಿಸ್ ಕಿತ್ತಾಕಿ. ಕನ್‌ಸ್ಟ್ರಕ್ಟರ್ ಒಳಗೆ ಮಾತ್ರ ಶೇರ್ಡ್ ಫ್ರಮ್ ದಿಸ್ ಕರೀಬೇಡಿ, ಬ್ಯಾಡ್ ವೀಕ್ ಪಾಯಿಂಟರ್ ಎಕ್ಸೆಪ್ಶನ್ ಬರತ್ತೆ. ಕಳ್ಸೋ ಬಫರೂ ಹ್ಯಾಂಡ್ಲರ್ ಬರೋ ತನಕ ಬದುಕಿರ್ಬೇಕು, ಲೋಕಲ್ ಸ್ಟ್ರಿಂಗ್ ಕೊಟ್ಟಿದೀರ ಒಂದು ಕಡೆ, ಅದೂ ಹೋಗುತ್ತೆ. ಏಸಿಯೋದ ರನ್ ಅನ್ನ ನಾಲ್ಕು ಥ್ರೆಡಲ್ಲಿ ಕರೀತಿದೀರ ಅಂದ್ರೆ ಸೆಷನ್ನಿಗೊಂದು ಸ್ಟ್ರ್ಯಾಂಡ್ (ಹ್ಯಾಂಡ್ಲರ್‌ಗಳು ಒಂದಾದ್ಮೇಲೊಂದೇ ಓಡೋ ಹಾಗೆ ಮಾಡೋದು) ಬೇಕು, ಒಂದು ರೈಟ್ ಮುಗಿಯೋಕ್ಮುಂಚೆ ಇನ್ನೊಂದು ಶುರು ಮಾಡಂಗಿಲ್ಲ, ಕ್ಯೂ ಇಡಿ.

ಕೋಡಲ್ಲಿ ಸ್ಲೀಪ್ (ಸ್ವಲ್ಪ ಹೊತ್ತು ಸುಮ್ನೆ ಕಾಯೋದು) ಹಾಕಿದೀರಲ್ಲ, ಅದನ್ನ ತೆಗೀರಿ, ಅದು ಕ್ರ್ಯಾಶನ್ನ ಇನ್ನೊಂದಿನಕ್ಕೆ ತಳ್ಳತ್ತೆ ಅಷ್ಟೆ. ಸತ್ತ ಸರ್ವರನ್ನ ಲಿನಕ್ಸೇ ಮತ್ತೆ ಎಬ್ಬಿಸೋ ಸಿಸ್ಟಮ್‌ಡಿ ಆಟೋ ರೀಸ್ಟಾರ್ಟ್ ಇರ್ಲಿ, ರಾತ್ರಿ ರೈತ ಮೋಟರ್ ಆನ್ ಮಾಡಕ್ಕೆ ಆಗ್ದೆ ಕೂತಿರ್ಬಾರ್ದಲ್ಲ, ಆದ್ರೆ ಕೋರ್ ಡಂಪ್ (ಕ್ರ್ಯಾಶ್ ಆದಾಗಿನ ಮೆಮೊರಿಯ ಫೈಲ್) ಉಳಿಯೋ ಥರ ಮಾಡ್ಕೊಳ್ಳಿ. ಸ್ಯಾನಿಟೈಜರ್ ರಿಪೋರ್ಟ್ ಬಂದ್ಮೇಲೆ ಫ್ರೀ ಆಗಿರೋ ಭಾಗದ ಟ್ರೇಸ್ ಹಾಕಿ, ನೋಡಿ ಹೇಳ್ತೀನಿ.